ಎಪ್ಪತ್ತೆರಡರಲ್ಲಿ ಒಂದು ಪಾಲು

ಅಡುಗೆಮನೆಯ ಮೇಜು ಈಗ ನನ್ನದಲ್ಲ.
ನವೆಂಬರಿನಿಂದ ಅಲ್ಲೊಂದು ಗ್ಯಾನೆಟ್ ವಿಮಾನ ಕೂತಿದೆ,
ಬೂದು ಪ್ಲಾಸ್ಟಿಕ್ಕಿನದು, ಹೊಟ್ಟೆ ತೆರೆದದ್ದು.
ನಾನು ಒಲೆಯ ಪಕ್ಕ ನಿಂತೇ ಬ್ರೆಡ್ಡು ಕೊಯ್ಯುತ್ತೇನೆ.

ಲಾಸಿಮೌತಿನಲ್ಲಿ ಮೂರೂವರೆಗೆಲ್ಲ ಕತ್ತಲೆ.
ವಾಟಿ ದೀಪ ಹತ್ತಿರಕ್ಕೆಳೆದು,
ಎರಡು ಕನ್ನಡಕ ಒಂದರ ಮೇಲೊಂದು ಏರಿಸಿ,
ಹುರುಳಿಕಾಯಿಯ ನಾರು ತೆಗೆವ ಹಾಗೆ
ಕಡ್ಡಿಯಿಂದ ತುಂಡು ತುಂಡು ಬಿಡಿಸುತ್ತಾನೆ.
ಎಂಬತ್ತನಾಲ್ಕರ ಕೈ. ಚಹಾದ ಕಪ್ಪಿಗೆ ನಡುಗುತ್ತದೆ,
ಕುಂಚಕ್ಕೆ ನಡುಗುವುದಿಲ್ಲ. ಏಕೆಂದು ಕೇಳಿದೆ.
'ಚಹಾ ಕುಡಿಯಲು ಯಾರೂ ಸಹಿ ಕೇಳುವುದಿಲ್ಲ' ಎಂದ.

ಆರಡಿಯ ಆಳು ಇಲ್ಲಿ ಒಂದಂಗುಲ.
ಇಡೀ ಹಡಗು ಕಟ್ಟಿದ್ದರೆ ಒಲೆಯಿಂದ ಹೊರಟು
ಬಾಗಿಲು ದಾಟಿ ಕೋಟು ತೂಗುವ ಗೂಟದವರೆಗೆ
ಹನ್ನೊಂದಡಿ. ಪುಣ್ಯಕ್ಕೆ ವಿಮಾನ ಸಾಕೆಂದ.
ಮದುವೆಗೆ ಮುಂಚೆ ನಮ್ಮ ಕಾಗದಗಳು ಬಂದ ದೂರವನ್ನು,
ಮಾಲ್ಟಾದಿಂದ ಇಲ್ಲಿಗೆ, ನಿದ್ದೆ ಬರದ ಒಂದು ರಾತ್ರಿ
ಎಪ್ಪತ್ತೆರಡರಿಂದ ಭಾಗಿಸಿ ನೋಡಿದೆ:
ಇಪ್ಪತ್ತನಾಲ್ಕು ಮೈಲಿ. ಬಸ್ಸಿನಲ್ಲಿ ಹೋಗಿಬರಬಹುದಿತ್ತು.

ಬಣ್ಣದ ಡಬ್ಬಿಯ ಮೇಲೆ 'ಆಕಾಶ' ಎಂದಿದೆ,
ಒಳಗೆ ಬಾತುಮೊಟ್ಟೆಯ ಮಾಸಲು ಹಸಿರು.
ನೌಕಾಪಡೆಗೆ ಆಕಾಶ ಹಾಗೇ ಕಂಡಿತ್ತಂತೆ.
ಎರಡು ವಾರ ಬಳಿದ, ಉಜ್ಜಿದ, ಮತ್ತೆ ಬಳಿದ.
ಎಲ್ಲ ಹೊಸ ನಾಣ್ಯದಂತೆ ಹೊಳೆವಾಗ
ಕೊಳೆ ಹಚ್ಚಲು ಕೂತ.

ನಾಲ್ಕು ವರ್ಷ ಇದೇ ಹೊಟ್ಟೆಯ ಕೆಳಗೆ ಅಂಗಾತ ಮಲಗಿ
ಹೊಗೆಮಸಿ ಒರೆಸಿದವ, ಎಣ್ಣೆ ಒರೆಸಿದವ,
ಉಪ್ಪು ತೊಳೆದು ತೊಳೆದು ಬೆರಳು ಒಡೆಸಿಕೊಂಡವ
ಈಗ ಮೂರೆಳೆಯ ಕುಂಚದಲ್ಲಿ
ಒಂದೊಂದೇ ಕಲೆಯನ್ನು ವಾಪಸು ಕೊಡುತ್ತಿದ್ದಾನೆ.
ಹೊಗೆನಳಿಗೆಯ ಹಿಂದೆ ಮಸಿ. ಕೀಲಿನಿಂದ ಜಾರಿದ ಎಣ್ಣೆಯ ಗೆರೆ.
ಪೈಲಟ್ ಹತ್ತುವಲ್ಲಿ ಬೂಟಿನ ಸವೆತ, ಎಡಗಾಲಿನದು.
'ಪೆಂಗೆಲ್ಲಿ. ಇಡಬಾರದ ಜಾಗದಲ್ಲೇ ಕಾಲಿಡುತ್ತಿದ್ದ.
ಎಷ್ಟು ಬೈದಿದ್ದೇನೆ, ಮನಸ್ಸಿನಲ್ಲೇ.'

ಆಂಟೆನಾ ತಂತಿಗೆ ಏನೂ ಒಗ್ಗಲಿಲ್ಲ.
ಗಾಳದ ದಾರ ದಪ್ಪ, ರೇಷ್ಮೆಗೆ ಜುಂಗು.
'ಎಲ್ಸ್‌ಪೆತ್, ಒಂದು ಕೂದಲು ಕೊಡ್ತೀಯಾ?'
ಅರವತ್ತೊಂದು ವರ್ಷದಲ್ಲಿ ಅವನಾಡಿದ
ಇದಕ್ಕಿಂತ ಸರಸದ ಮಾತು ನೆನಪಿಗೆ ಬರಲಿಲ್ಲ.
ಕಿತ್ತು ಕೊಟ್ಟೆ. ಬೆಳಕಿಗೆ ಹಿಡಿದು ನೋಡಿದ.
ಎಪ್ಪತ್ತೆರಡು ಪಟ್ಟು ಹಿಗ್ಗಿಸಿದರೆ ತಂತಿಯಷ್ಟೇ ದಪ್ಪವಂತೆ.
ಬಿಳಿ ಮಾತ್ರ ಜಾಸ್ತಿಯೆಂದು ಕಪ್ಪು ಬಳಿದ,
ನಾನು ಐವತ್ತರಲ್ಲೇ ಕೈಬಿಟ್ಟ ಕೆಲಸ.

ರೆಕ್ಕೆಯದೇ ಕೊನೆಯ ತಗಾದೆ.
ಬಿಚ್ಚಬಹುದು, ಮಡಚಲೂಬಹುದು. ಅಂಟು ಹಾಕಿದ ಮೇಲೆ ಮಾತಿಲ್ಲ.
ಹಾರುವ ಹಾಗೆ ಬಿಚ್ಚು ಎಂದೆ, ನೋಡಲು ಚಂದ.
ಉತ್ತರವಿಲ್ಲ. ಹತ್ತು ದಿನ
ರೆಕ್ಕೆಗಳು ಬೆಣ್ಣೆಯ ತಟ್ಟೆಯಲ್ಲೇ ಇದ್ದವು.
'ಬಿಚ್ಚಿದ್ದನ್ನು ನಾನು ನೋಡಿದ್ದೆಷ್ಟು ಹೊತ್ತು?'
ಎಂದ ಆಮೇಲೆ, ಹಲ್ಲುಜ್ಜುತ್ತ.
'ಬಿಚ್ಚಿದರೆ ಅದು ಅವರದು. ಮಡಚಿದಾಗ ನನ್ನದು.'
ಒಂದು ಸಲವೂ ಯಾರೂ ಅವನನ್ನು ಹತ್ತಿಸಿಕೊಂಡಿರಲಿಲ್ಲ.
ಅದು ನನಗೆ ಗೊತ್ತಾದದ್ದು ಆ ರಾತ್ರಿ.

ಈಗ ಕಿಟಕಿಯ ಹಲಗೆಯ ಮೇಲೆ ನಿಂತಿದೆ,
ರೆಕ್ಕೆಗಳನ್ನು ಎರಡೆರಡು ಕಡೆ ಮಡಚಿ,
ಚಳಿಗೆ ಮೈ ಮುದುಡಿದ ಹಾಗೆ.
ಧೂಳು ಒರೆಸಲು ಹೋಗಿ ಬಗ್ಗಿ ನೋಡಿದೆ.
ಮುಂದೆ ಪೈಲಟ್, ನಡುವೆ ಇನ್ನೊಬ್ಬ, ಇಬ್ಬರಿಗೂ ಹೆಲ್ಮೆಟ್.
ಬಾಲದ ಕಡೆಗೆ ಮುಖ ಮಾಡಿದ ಮೂರನೆಯ ಸೀಟಿನಲ್ಲಿ
ಬರಿದಲೆಯ, ಮುಕ್ಕಾಲಂಗುಲದ ಒಬ್ಬ ಆಳು,
ಕೈಯಲ್ಲಿ ಚಿಂದಿಬಟ್ಟೆ.
ನಾನೇನೂ ಕೇಳಲಿಲ್ಲ. ಒರೆಸಲೂ ಇಲ್ಲ.

ಸಕ್ಕರೆ ಡಬ್ಬಿಯಲ್ಲಿ ಒಂದು ತುಂಡು ಸಿಕ್ಕಿತು,
ನಲವತ್ತೇಳನೆಯದು. ಎಲ್ಲಿಯದೆಂದು ನಕ್ಷೆಯಲ್ಲೂ ಇಲ್ಲ.
'ಹಾರಿದ ಪ್ರತಿಯೊಂದರಲ್ಲೂ ಒಂದು ಉಳಿಯುತ್ತಿತ್ತು' ಎಂದ ವಾಟಿ,
'ಯಾರಿಗೂ ಹೇಳುತ್ತಿರಲಿಲ್ಲ.'
ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡ.